ನಮ್ಮೂರಿನ ಪ್ರಶ್ನೆ ಯಾರು ಕೇಳುತ್ತಾರೆ? – 9ನೇ ತರಗತಿಯ ‘ರಾಜ್ಯ ಸರ್ಕಾರ’ ಪಾಠವನ್ನು ಎರಡು ಸಲ ಮಾಡಿದ ಅನುಭವ

ಬೋಧನಾಭ್ಯಾಸಕ್ಕೆ ಪ್ರಶಿಕ್ಷಣಾರ್ಥಿಗಳು ಶಾಲೆಗಳಿಗೆ ಹೊರಡುವ ಮುನ್ನ ಪದ್ಧತಿ ಉಪನ್ಯಾಸಕರು ಒಂದು ಮಾದರಿ ಪಾಠ ಮಾಡಿ ತೋರಿಸುವುದು ನಮ್ಮ ಕಾಲೇಜಿನ ರೂಢಿ. 2023ರ ಜುಲೈ ಎರಡನೇ ವಾರ ಆ ಸರದಿ ಸಮಾಜ ವಿಜ್ಞಾನದ್ದು, ಅಂದರೆ ನನ್ನದು. ಮಧುಗಿರಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ, 9ನೇ ತರಗತಿ, 38 ಮಕ್ಕಳು. ಹಿಂದಿನ ಬೆಂಚುಗಳಲ್ಲಿ ವೀಕ್ಷಣಾ ನಮೂನೆ ಹಿಡಿದ 11 ಮಂದಿ ಪ್ರಶಿಕ್ಷಣಾರ್ಥಿಗಳು. ಘಟಕ ‘ರಾಜ್ಯ ಸರ್ಕಾರ’. ನಾನು ಆರಿಸಿಕೊಂಡ ಕಲಿಕಾಂಶ ‘ಅಧಿವೇಶನದ ಆರಂಭದಲ್ಲಿ ಶಾಸಕರ ಕೆಲಸ’.

ಈ ಕಲಿಕಾಂಶ ಪಠ್ಯಪುಸ್ತಕದಲ್ಲಿ ಇದೇ ಹೆಸರಿನಲ್ಲಿ ಇಲ್ಲ. ವಿಧಾನಸಭೆಯ ರಚನೆ, ಅರ್ಹತೆ, ಅವಧಿ, ಅಧಿಕಾರ ಎಂದು ಪುಸ್ತಕ ಸಾಗುತ್ತದೆ. ಆದರೆ ಆಗ ವಿಧಾನಸಭೆಯ ಅಧಿವೇಶನ ನಡೆಯುತ್ತಿತ್ತು. ಮೇ ತಿಂಗಳಲ್ಲಷ್ಟೇ ಹೊಸ ವಿಧಾನಸಭೆ ಬಂದಿತ್ತು. ಮಕ್ಕಳ ಮನೆಯ ಟಿ.ವಿ.ಯಲ್ಲಿ ದಿನವೂ ಅದೇ ಸುದ್ದಿ. ‘ಪೂರ್ವಜ್ಞಾನ ಪರಿಶೀಲನೆಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ’ ಎಂದು ಪ್ರಶಿಕ್ಷಣಾರ್ಥಿಗಳ ಮುಂದೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ್ದೆ.

ಮೊದಲ ಪಾಠ

ಕಪ್ಪುಹಲಗೆಯ ಪಕ್ಕದಲ್ಲಿ ಒಂದು ಚಾರ್ಟ್ ತೂಗುಹಾಕಿದ್ದೆ. ನಮ್ಮ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹೆಸರಿನ ನಾಲ್ಕು ವಿಧಾನಸಭಾ ಕ್ಷೇತ್ರಗಳು ಅದರಲ್ಲಿದ್ದವು. 134 ಕೊರಟಗೆರೆ, ಪರಿಶಿಷ್ಟ ಜಾತಿಗೆ ಮೀಸಲು, ಡಾ. ಜಿ. ಪರಮೇಶ್ವರ. 136 ಶಿರಾ, ಸಾಮಾನ್ಯ, ಟಿ.ಬಿ. ಜಯಚಂದ್ರ. 137 ಪಾವಗಡ, ಪರಿಶಿಷ್ಟ ಜಾತಿಗೆ ಮೀಸಲು, ಎಚ್.ವಿ. ವೆಂಕಟೇಶ್. 138 ಮಧುಗಿರಿ, ಸಾಮಾನ್ಯ, ಕೆ.ಎನ್. ರಾಜಣ್ಣ. ನಾಲ್ವರೂ ಒಂದೇ ಪಕ್ಷದಿಂದ ಗೆದ್ದವರು. ‘ಇವರು ಬೆಂಗಳೂರಿಗೆ ಹೋಗಿ ಮೊದಲ ದಿನ ಏನು ಮಾಡಿದರು?’ ಎಂಬ ಪ್ರಶ್ನೆಯಿಂದ ಪೀಠಿಕೆ ಹಾಕಿದೆ. ‘ಸಹಿ ಹಾಕಿದ್ರು ಸಾ’ ಎಂದ ಒಬ್ಬ. ‘ಸನ್ಮಾನ ಮಾಡಿಸ್ಕೊಂಡ್ರು’ ಎಂದಳು ಒಬ್ಬಳು. ಎರಡೂ ಪೂರ್ತಿ ತಪ್ಪಲ್ಲ.

ಅಲ್ಲಿಂದ ಪಾಠ ಸಲೀಸಾಗಿ ಹೋಯಿತು. ಗೆದ್ದ ಮಾತ್ರಕ್ಕೆ ಸದನದಲ್ಲಿ ಕೂರುವಂತಿಲ್ಲ, ಮೊದಲು ಪ್ರಮಾಣವಚನ. ಅದು ಸಂವಿಧಾನದ 188ನೇ ವಿಧಿ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಶ್ರದ್ಧಾಪೂರ್ವಕವಾಗಿ ದೃಢೀಕರಿಸಬಹುದು. ಪ್ರಮಾಣ ಸ್ವೀಕರಿಸದೆ ಸದನದಲ್ಲಿ ಕುಳಿತರೆ ಅಥವಾ ಮತ ಹಾಕಿದರೆ 193ನೇ ವಿಧಿಯ ಪ್ರಕಾರ ದಿನಕ್ಕೆ 500 ರೂಪಾಯಿ ದಂಡ. ಈ ದಂಡದ ಮಾತು ಮಕ್ಕಳಿಗೆ ಬಹಳ ಹಿಡಿಸಿತು. ಶಾಸಕರಿಗೂ ಫೈನ್ ಇದೆಯೆಂದು ಮೂರು ಸಲ ಕೇಳಿ ಖಚಿತಪಡಿಸಿಕೊಂಡರು. ಪ್ರಮಾಣ ಬೋಧಿಸಲು ಸಭಾಧ್ಯಕ್ಷರೇ ಇನ್ನೂ ಆಯ್ಕೆಯಾಗಿರುವುದಿಲ್ಲವಲ್ಲ, ಅದಕ್ಕೆ ರಾಜ್ಯಪಾಲರು ಹಂಗಾಮಿ ಸಭಾಧ್ಯಕ್ಷರನ್ನು ನೇಮಿಸುತ್ತಾರೆ. 2023ರ ಮೇ 22ರಂದು ಆರಂಭವಾದ ಮೂರು ದಿನಗಳ ಅಧಿವೇಶನದಲ್ಲಿ ಆ ಸ್ಥಾನದಲ್ಲಿದ್ದವರು ಹಿರಿಯ ಸದಸ್ಯ ಆರ್.ವಿ. ದೇಶಪಾಂಡೆ. ಮೇ 24ರಂದು ಯು.ಟಿ. ಖಾದರ್ ಅವಿರೋಧವಾಗಿ ಸಭಾಧ್ಯಕ್ಷರಾಗಿ ಆಯ್ಕೆಯಾದರು. ಜುಲೈ 3ರಂದು ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಸದಸ್ಯರು ಒಟ್ಟಿಗೆ ಸೇರಿದಾಗ ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಭಾಷಣ ಮಾಡಿದರು. ಜುಲೈ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಬಜೆಟ್ ಮಂಡಿಸಿದರು.

ಕಪ್ಪುಹಲಗೆಯ ಮೇಲೆ ಬಾಣದ ಗುರುತುಗಳೊಡನೆ ಇದಿಷ್ಟನ್ನೂ ಬರೆದೆ. ನಂತರ ಪ್ರಶ್ನೋತ್ತರ ಅವಧಿಗೆ ಬಂದೆ. ‘ಸಾಮಾನ್ಯವಾಗಿ ದಿನದ ಕಲಾಪದ ಮೊದಲ ಭಾಗವೇ ಪ್ರಶ್ನೋತ್ತರ. ಶಾಸಕರು ಪ್ರಶ್ನೆ ಕೇಳುತ್ತಾರೆ, ಮಂತ್ರಿಗಳು ಉತ್ತರಿಸುತ್ತಾರೆ. ನಿಮ್ಮ ಊರಿನ ರಸ್ತೆ, ನೀರು, ಶಾಲೆ, ಯಾವುದರ ಬಗ್ಗೆಯಾದರೂ ನಿಮ್ಮ ಶಾಸಕರು ಕೇಳಬಹುದು’ ಎಂದೆ.

ಮಧ್ಯದ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. ‘ಸಾ, ಪರಮೇಶ್ವರ್ ಸಾರೂ ಮಂತ್ರಿ, ರಾಜಣ್ಣ ಸಾರೂ ಮಂತ್ರಿ. ಮಂತ್ರಿ ಉತ್ತರ ಹೇಳೋರು ಅಂದ್ರಿ. ಹಂಗಾದ್ರೆ ನಮ್ಮೂರ ಪ್ರಶ್ನೆ ಯಾರು ಕೇಳ್ತಾರೆ?’

ಅವಳು ಹೇಳಿದ್ದು ಸರಿಯಾಗಿತ್ತು. ಮೇ 20ರಂದು ಮುಖ್ಯಮಂತ್ರಿ, ಉಪಮುಖ್ಯಮಂತ್ರಿಗಳ ಜೊತೆ ಪ್ರಮಾಣ ಸ್ವೀಕರಿಸಿದ 8 ಮಂದಿ ಮಂತ್ರಿಗಳಲ್ಲಿ ಪರಮೇಶ್ವರ ಒಬ್ಬರು. ಅವರಿಗೆ ಗೃಹ ಖಾತೆ. ಮೇ 27ರಂದು ರಾಜಣ್ಣನವರೂ ಸೇರಿಕೊಂಡರು. ಅವರಿಗೆ ಸಹಕಾರ ಖಾತೆ. ನನ್ನ ಚಾರ್ಟಿನಲ್ಲಿ ಈ ವಿವರ ಇರಲೇ ಇಲ್ಲ. ‘ಬಹಳ ಒಳ್ಳೆಯ ಪ್ರಶ್ನೆ ಕಣಮ್ಮ, ಮುಂದಿನ ತರಗತಿಯಲ್ಲಿ ನೋಡೋಣ’ ಎಂದು ಹೇಳಿ ಮೌಲ್ಯಮಾಪನದ ಪ್ರಶ್ನೆಗಳಿಗೆ ಹೋಗಿಬಿಟ್ಟೆ. ಗಂಟೆ ಹೊಡೆಯಿತು.

ವಿಮರ್ಶಾ ಸಭೆ

ಮಾದರಿ ಪಾಠದ ನಂತರದ ವಿಮರ್ಶಾ ಸಭೆಯಲ್ಲಿ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಮಾತಾಡುವುದಿಲ್ಲ. ಉಪನ್ಯಾಸಕರ ಪಾಠವನ್ನು ಯಾರು ಟೀಕಿಸುತ್ತಾರೆ? ಧ್ವನಿ ಏರಿಳಿತ ಚೆನ್ನಾಗಿತ್ತು, ಚಾರ್ಟ್ ಎಲ್ಲರಿಗೂ ಕಾಣುತ್ತಿತ್ತು, ಕಪ್ಪುಹಲಗೆ ಸಾರಾಂಶ ಅಚ್ಚುಕಟ್ಟು ಎಂದೆಲ್ಲ ನಮೂನೆಯ ಕಲಂಗಳನ್ನು ಓದಿದರು. ಕೊನೆಗೆ ಪಾವಗಡದ ಕಡೆಯ ಒಬ್ಬ ಪ್ರಶಿಕ್ಷಣಾರ್ಥಿ ಎದ್ದು ನಿಂತು, ‘ಸರ್, ಮುಂದಿನ ತರಗತಿ ಅಂದ್ರಿ. ಆದರೆ ಆ ಶಾಲೆಯಲ್ಲಿ ನಿಮಗೆ ಮುಂದಿನ ತರಗತಿ ಇಲ್ಲವಲ್ಲ?’ ಎಂದು ಕೇಳಿದರು.

ಸಭೆ ತಣ್ಣಗಾಯಿತು. ನಾನು ನಗಲು ಪ್ರಯತ್ನಿಸಿದೆ. ಅಷ್ಟು ಹೊತ್ತಿಗೆ ಇನ್ನೊಬ್ಬರು, ‘ಅಲ್ಲದೆ ಸರ್, ಆ ಹುಡುಗಿ ಪುರವರ ಹೋಬಳಿಯವಳು. ತಾಲ್ಲೂಕು ಮಧುಗಿರಿ, ಆದರೆ ಕ್ಷೇತ್ರ ಕೊರಟಗೆರೆ. ನೀವು ತರಗತಿಗೆಲ್ಲ ನಿಮ್ಮ ಶಾಸಕರು ರಾಜಣ್ಣ ಅಂತ ಹೇಳಿದ್ರಿ’ ಎಂದರು. ಅದೂ ನಿಜವೇ. ತಾಲ್ಲೂಕಿನ ಗಡಿಯೂ ವಿಧಾನಸಭಾ ಕ್ಷೇತ್ರದ ಗಡಿಯೂ ಒಂದೇ ಎಂದು ನಾನು ಯೋಚಿಸದೆ ಹೇಳಿಬಿಟ್ಟಿದ್ದೆ. ಹುಡುಗಿ ಎರಡೂ ಹೆಸರನ್ನು ಹೇಳಿದ್ದು ಅದಕ್ಕೇ ಇರಬೇಕು. ನನ್ನ ತಪ್ಪನ್ನು ತಿದ್ದದೆ, ನನಗೆ ನೋವಾಗದಂತೆ, ಎರಡನ್ನೂ ಸೇರಿಸಿ ಕೇಳಿದ್ದಳು.

ಅಂದು ಸಂಜೆ ಆ ಶಾಲೆಯ ಮಾರ್ಗದರ್ಶಿ ಶಿಕ್ಷಕಿಗೆ ಫೋನು ಮಾಡಿ ಇನ್ನೊಂದು ಅವಧಿ ಕೇಳಿದೆ. ಅವರು ಕೊಟ್ಟರು. ಜೊತೆಗೆ ಒಂದು ಮಾತು ಹೇಳಿದರು: ‘ಆ ಹುಡುಗಿ ಸುಮ್ಮನೆ ಕೇಳಿದ್ದಲ್ಲ ಸರ್. ಅವರೂರಿನ ಶುದ್ಧ ನೀರಿನ ಘಟಕ ಕೆಟ್ಟು ನಾಲ್ಕು ತಿಂಗಳಾಗಿದೆ. ಬೆಳಿಗ್ಗೆ ಪಕ್ಕದ ಊರಿಂದ ಕ್ಯಾನ್ ಹೊತ್ತು ತಂದು ಆಮೇಲೆ ಸ್ಕೂಲಿಗೆ ಬರ್ತಾಳೆ. ವಾರದಲ್ಲಿ ಎರಡು ದಿನ ಮೊದಲ ಅವಧಿ ಅವಳಿಗೆ ತಪ್ಪುತ್ತೆ.’

ನಾನು ಪಾವಗಡ ತಾಲ್ಲೂಕಿನಲ್ಲಿ ಬೆಳೆದವನು. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ನನಗೆ ಗೊತ್ತಾದದ್ದು ಡಿಗ್ರಿ ಓದುವಾಗ. ಅಷ್ಟರಲ್ಲಿ ಹಲ್ಲು ಬಂದು ಆಗಿತ್ತು. ಹಾಗಾಗಿ ಆ ಶಿಕ್ಷಕಿಯ ಮಾತು ನನಗೆ ಕೇವಲ ಪಾಠದ ವಿಷಯವಾಗಿ ಕೇಳಿಸಲಿಲ್ಲ.

ತಯಾರಿ

ಒಂದು ವಾರ ಓದಿದೆ. ‘ಕರ್ನಾಟಕ ವಿಧಾನಸಭೆಯ ಕಾರ್ಯವಿಧಾನ ಮತ್ತು ನಡವಳಿಕೆಯ ನಿಯಮಗಳು’ ಎಂಬ ಪುಸ್ತಕವನ್ನು ಇಷ್ಟು ವರ್ಷ ಸಮಾಜ ವಿಜ್ಞಾನ ಬೋಧನೆಯ ಬಗ್ಗೆ ಬೋಧಿಸಿಯೂ ತೆರೆದು ನೋಡಿರಲಿಲ್ಲ. ಜೊತೆಗೆ ಸದನದಲ್ಲಿ ಉತ್ತರಿಸಿದ ಪ್ರಶ್ನೆಗಳ ಪ್ರತಿಗಳನ್ನು ಓದಿದೆ. ಪಠ್ಯದ ಎರಡು ಸಾಲಿನ ಹಿಂದೆ ಎಷ್ಟು ಕೆಲಸವಿದೆ ಎಂಬುದು ಆಗ ತಿಳಿಯಿತು. ವಿಷಯ ಪುಷ್ಟೀಕರಣಕ್ಕೆ ಬೇಕಾಗುತ್ತದೆಂದು ಮುಖ್ಯವಾದದ್ದನ್ನು ಇಲ್ಲಿ ಕೊಡುತ್ತೇನೆ.

ಹುಡುಗಿಯ ಪ್ರಶ್ನೆಗೆ ಉತ್ತರ. 164ನೇ ವಿಧಿಯ ಪ್ರಕಾರ ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. ತಾನೇ ಭಾಗವಾಗಿರುವ ಸರ್ಕಾರವನ್ನು ಮಂತ್ರಿಯೊಬ್ಬರು ಸದನದಲ್ಲಿ ಪ್ರಶ್ನಿಸುವುದಿಲ್ಲ. ಅವರು ತಮ್ಮ ಕ್ಷೇತ್ರದ ಕೆಲಸವನ್ನು ಸಂಪುಟದಲ್ಲಿ, ಇಲಾಖೆಗಳ ಮಟ್ಟದಲ್ಲಿ ಮಾಡಿಸುತ್ತಾರೆ. ಆ ಕೆಲಸ ನಮಗೆ ಕಾಣುವುದಿಲ್ಲ, ಅಷ್ಟೇ. ಆದರೆ ಒಬ್ಬ ಸದಸ್ಯ ತನ್ನ ಕ್ಷೇತ್ರದ ಬಗ್ಗೆ ಮಾತ್ರ ಕೇಳಬೇಕೆಂದು ಎಲ್ಲೂ ಇಲ್ಲ. ಶಿರಾದ ಸದಸ್ಯರು ಕೊರಟಗೆರೆಯ ಬಗ್ಗೆ ಕೇಳಬಹುದು. ಬೀದರಿನವರು ಮಧುಗಿರಿಯ ಬಗ್ಗೆ ಕೇಳಬಹುದು. ಇಡೀ ಜಿಲ್ಲೆಯ ಅಂಕಿಅಂಶವನ್ನು ತಾಲ್ಲೂಕುವಾರು ಕೇಳಿದರೆ ನಾಲ್ಕೂ ತಾಲ್ಲೂಕು ಒಂದೇ ಉತ್ತರದಲ್ಲಿ ಬಂದುಬಿಡುತ್ತವೆ.

ಇದಲ್ಲದೆ ಮೇಲ್ಮನೆ ಇದೆ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಸ್ಥಳೀಯ ಸಂಸ್ಥೆಗಳಿಂದ 25, ವಿಧಾನಸಭಾ ಸದಸ್ಯರಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ನಾಮನಿರ್ದೇಶನ 11. ನಮ್ಮ ತುಮಕೂರು ಜಿಲ್ಲೆ ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೂ ಆಗ್ನೇಯ ಪದವೀಧರರ ಕ್ಷೇತ್ರಕ್ಕೂ ಸೇರಿದೆ. ಪರಿಷತ್ತಿನಲ್ಲೂ ಪ್ರಶ್ನೋತ್ತರ ಅವಧಿ ಇದೆ. ಈ ಲೇಖನ ಓದುವ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು ಸೇರಿಸುತ್ತೇನೆ: ಪದವಿ ಪಡೆದು ಮೂರು ವರ್ಷವಾಗಿದ್ದರೆ ನೀವು ಪದವೀಧರ ಮತದಾರರಾಗಿ ಹೆಸರು ನೋಂದಾಯಿಸಬಹುದು, ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಹಂತದಲ್ಲಿ ಮೂರು ವರ್ಷ ಪಾಠ ಮಾಡಿದ ಮೇಲೆ ಶಿಕ್ಷಕ ಮತದಾರರಾಗಬಹುದು. ನಮ್ಮ ತಂಡದ 11 ಮಂದಿಯಲ್ಲಿ ಇದು ಗೊತ್ತಿದ್ದವರು ಒಬ್ಬರೇ.

ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಎರಡಕ್ಕೂ ದಿನಗಳ ಮುಂಚೆಯೇ ಲಿಖಿತ ಸೂಚನೆ ಕೊಡಬೇಕು. ಎಂದರೆ ಶಾಸಕರ ಅಧಿವೇಶನದ ಕೆಲಸ ಆರಂಭವಾಗುವುದು ರಾಷ್ಟ್ರಗೀತೆಯಿಂದಲ್ಲ; ಅದಕ್ಕೂ ಮೊದಲು, ಕ್ಷೇತ್ರದಲ್ಲಿ ಕೂತು ಯಾವ ಇಲಾಖೆಗೆ ಏನು ಕೇಳಬೇಕೆಂದು ಬರೆಯುವುದರಿಂದ. ಪ್ರಶ್ನೆಯಲ್ಲಿ ವಾದ ಇರಬಾರದು, ವ್ಯಂಗ್ಯ ಇರಬಾರದು, ಆರೋಪ ಇರಬಾರದು, ಅಭಿಪ್ರಾಯ ಕೇಳಬಾರದು; ವಿಷಯ ರಾಜ್ಯ ಸರ್ಕಾರದ ಹೊಣೆಗೆ ಸೇರಿದ್ದಿರಬೇಕು. ತುರ್ತು ವಿಷಯಗಳಿಗೆ ಬೇರೆ ದಾರಿಗಳಿವೆ: ನಿಯಮ 60ರ ನಿಲುವಳಿ ಸೂಚನೆ, ನಿಯಮ 69ರ ಚರ್ಚೆ, ನಿಯಮ 73ರ ಗಮನ ಸೆಳೆಯುವ ಸೂಚನೆ. ಇವನ್ನು 9ನೇ ತರಗತಿಗೆ ಹೇಳುವ ಅಗತ್ಯ ಇಲ್ಲ. ಪತ್ರಿಕೆಯಲ್ಲಿ ಓದಿ ಕೇಳಿದರೆ ಶಿಕ್ಷಕರಿಗೆ ಗೊತ್ತಿರಲಿ.

ಇನ್ನೊಂದು ಲೆಕ್ಕ ನನಗೆ ಇಷ್ಟವಾಯಿತು. ಮಂತ್ರಿಮಂಡಲದ ಗಾತ್ರ ವಿಧಾನಸಭೆಯ ಒಟ್ಟು ಸದಸ್ಯರ ಶೇ. 15 ಮೀರಬಾರದು. 224ರ ಶೇ. 15 ಎಂದರೆ 33.6, ಕರ್ನಾಟಕದಲ್ಲಿ ಮುಖ್ಯಮಂತ್ರಿ ಸೇರಿ 34. ಹಾಗಾದರೆ ಕಡಿಮೆಯೆಂದರೂ 190 ಸದಸ್ಯರು ಮಂತ್ರಿಗಳಲ್ಲ. ನಮ್ಮ ನಾಲ್ಕು ಕ್ಷೇತ್ರಗಳಲ್ಲಿ ಮಾತ್ರ ಅರ್ಧಕ್ಕರ್ಧ ಮಂತ್ರಿಗಳು. ಊರಿಗೆ ಅದೃಷ್ಟ ಎಂದು ಜನ ಹೇಳುತ್ತಿದ್ದ ಸಂಗತಿಗೆ ಆ ಹುಡುಗಿ ಕಂಡ ಇನ್ನೊಂದು ಮುಖವೂ ಇತ್ತು.

ಎರಡನೇ ಪಾಠ

ಈ ಸಲ ಚಾರ್ಟ್ ಇಲ್ಲ, ಬಾಣದ ಗುರುತಿಲ್ಲ. ಒಳಗೆ ಹೋದ ಕೂಡಲೇ, ‘ಹೋದ ವಾರ ನೀನು ಕೇಳಿದ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ. ಓದಿಕೊಂಡು ಬಂದಿದ್ದೇನೆ’ ಎಂದೆ. ಹುಡುಗಿ ತಲೆ ತಗ್ಗಿಸಿದಳು. ಪಕ್ಕದವಳು ಮೊಣಕೈಯಿಂದ ತಿವಿದಳು. ಪುರವರ ಕಡೆಯವರ ಕ್ಷೇತ್ರದ ಬಗ್ಗೆ ತಪ್ಪು ಹೇಳಿದ್ದನ್ನೂ ತಿದ್ದಿಕೊಂಡೆ. ಹಿಂದಿನ ಬೆಂಚಿನ ಪ್ರಶಿಕ್ಷಣಾರ್ಥಿಗಳಿಗೆ ವೀಕ್ಷಣಾ ನಮೂನೆಯಲ್ಲಿ ಇದನ್ನು ಯಾವ ಕಲಂನಲ್ಲಿ ಬರೆಯಬೇಕೆಂದು ತೋಚಲಿಲ್ಲವಂತೆ.

ಉತ್ತರ ಹೇಳಿ ಮುಗಿಸಲು ಹತ್ತು ನಿಮಿಷ ಹಿಡಿಯಿತು. ಉಳಿದ ಸಮಯವೆಲ್ಲ ಪ್ರಶ್ನೆ ಬರೆಯುವ ಕೆಲಸಕ್ಕೆ. ಆರು ಗುಂಪು ಮಾಡಿ, ‘ನೀವೀಗ ಮಂತ್ರಿಯಲ್ಲದ ಸದಸ್ಯರು. ನಿಮ್ಮ ಊರಿನ ಒಂದು ವಿಷಯದ ಮೇಲೆ ಪ್ರಶ್ನೆ ಬರೆಯಿರಿ’ ಎಂದೆ. ನಿಯಮಗಳನ್ನು ಮೊದಲು ಹೇಳಲಿಲ್ಲ. ಬಂದ ಪ್ರಶ್ನೆಗಳು ಹೀಗಿದ್ದವು:

‘ನಮ್ಮೂರ ನೀರಿನ ಮಿಷನ್ ಕೆಟ್ಟು ನಾಕು ತಿಂಗ್ಳಾಯ್ತು, ಸರ್ಕಾರಕ್ಕೆ ಕಣ್ಣಿಲ್ವಾ?’

‘ಮಧುಗಿರಿಗೆ ರೈಲು ಯಾವಾಗ ಬರುತ್ತೆ?’

‘ಬಸ್ಸು ನಿಲ್ಲಿಸದೆ ಹೋಗುವ ಡ್ರೈವರಿಗೆ ಏನು ಶಿಕ್ಷೆ?’

‘ಭದ್ರಾ ನೀರು ಶಿರಾಕ್ಕೆ ಬಂದ್ರೆ ನಮಗೂ ಬರುತ್ತಾ?’

ಈಗ ನಿಯಮಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಬರೆದು, ಯಾವ ಪ್ರಶ್ನೆ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಮಕ್ಕಳಿಗೇ ಕೇಳಿದೆ. ‘ಕಣ್ಣಿಲ್ವಾ’ ಎಂಬುದು ಬಿತ್ತು. ರೈಲಿನ ಪ್ರಶ್ನೆಯ ಮೇಲೆ ಜೋರು ಚರ್ಚೆ. ರೈಲ್ವೆ ಕೇಂದ್ರ ಸರ್ಕಾರದ್ದು ಎಂದು ಒಬ್ಬ. ಹಾಗಾದರೆ ಜಮೀನು ಅಳೆಯಲು ಬಂದವರು ನಮ್ಮ ತಹಶೀಲ್ದಾರರ ಕಡೆಯವರಲ್ಲವೇ ಎಂದು ಇನ್ನೊಬ್ಬ. ಅವನ ಮಾತು ಹಿಡಿದುಕೊಂಡು, ತುಮಕೂರು–ರಾಯದುರ್ಗ ಮಾರ್ಗಕ್ಕೆ ರಾಜ್ಯ ಸರ್ಕಾರ ಮಾಡಬೇಕಾದ ಭೂಸ್ವಾಧೀನ ಎಷ್ಟು ಎಕರೆ ಬಾಕಿ ಇದೆ ಎಂದು ಪ್ರಶ್ನೆಯನ್ನು ತಿದ್ದಿದರು. ಈ ತಿದ್ದುಪಡಿಯನ್ನು ನಾನು ಹೇಳಿಕೊಟ್ಟಿದ್ದಲ್ಲ. ಕೇಂದ್ರಪಟ್ಟಿ, ರಾಜ್ಯಪಟ್ಟಿ ಎಂದು ನಾನು ಪ್ರತಿ ವರ್ಷ ಕೋಷ್ಟಕ ಹಾಕಿ ಬರೆಸುತ್ತಿದ್ದುದು ಅಂದು ಐದು ನಿಮಿಷದ ಜಗಳದಲ್ಲಿ ಮುಗಿಯಿತು.

ಆಮೇಲೆ ಸದನದ ಪ್ರಶ್ನೆಗಳ ರೂಪ ತೋರಿಸಿದೆ. (ಅ), (ಆ), (ಇ) ಎಂದು ಭಾಗ ಮಾಡಿ ಬರೆಯುವುದು. ನೀರಿನ ಘಟಕದ ಗುಂಪು ಬರೆದದ್ದು:

(ಅ) ನಮ್ಮ ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ;

(ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?

ಭಾಷೆ ಸರ್ಕಾರಿ ಕಾಗದದ ಹಾಗೆಯೇ ಇತ್ತು. ನನಗೂ ಖುಷಿಯಾಯಿತು. ಮಂತ್ರಿಯ ಪಾತ್ರಕ್ಕೆ ಒಬ್ಬ ಹುಡುಗನನ್ನು ನಿಲ್ಲಿಸಿದ್ದೆ. ಅವನ ಕೈಗೆ ನಿಜವಾದ ಉತ್ತರ ಪ್ರತಿಯೊಂದನ್ನು ಮಾದರಿಗೆಂದು ಕೊಟ್ಟಿದ್ದೆ. ಅವನು ಅದನ್ನು ಓದಿ ಪದ ಕಲಿತಿದ್ದ. ಎದ್ದು ನಿಂತು ಗಂಭೀರವಾಗಿ, ‘(ಅ) ಬಂದಿಲ್ಲ. (ಆ) ಉದ್ಭವಿಸುವುದಿಲ್ಲ’ ಎಂದು ಹೇಳಿ ಕೂತ.

ತರಗತಿ ನಕ್ಕಿತು, ಪ್ರಶಿಕ್ಷಣಾರ್ಥಿಗಳೂ ನಕ್ಕರು. ಆ ಹುಡುಗಿ ನಗಲಿಲ್ಲ. ‘ಹಂಗಂದ್ರೆ ಮುಗೀತಾ ಸಾ?’ ಎಂದಳು.

ಮುಗಿದ ಹಾಗೆಯೇ. ಮೊದಲ ಭಾಗಕ್ಕೆ ಇಲ್ಲ ಎಂದ ಮೇಲೆ ಅದರ ಮೇಲೆ ನಿಂತ ಎರಡನೆಯದು ಉದ್ಭವಿಸುವುದಿಲ್ಲ. ನಾನು ಕಪ್ಪುಹಲಗೆಯ ಮುಂದೆ ಸುಮ್ಮನೆ ನಿಂತೆ. ಹೇಳಿಕೊಡಬೇಕೆಂಬ ಆಸೆ ಬಹಳವಿತ್ತು. ಹಿಂದಿನ ವಾರದ ಅವಸರ ನೆನಪಾಗಿ ತಡೆದುಕೊಂಡೆ. ಎರಡು ನಿಮಿಷವಾದರೂ ಆಗಿರಬೇಕು. ತರಗತಿಯಲ್ಲಿ ಎರಡು ನಿಮಿಷದ ಮೌನ ಎಷ್ಟು ಉದ್ದ ಎಂಬುದು ನಿಂತವರಿಗೇ ಗೊತ್ತು. ಆಮೇಲೆ ಅವಳ ಗುಂಪಿನ ಇನ್ನೊಬ್ಬಳು, ‘ಗಮನಕ್ಕೆ ಬಂದಿದೆಯಾ ಅಂತ ಕೇಳ್ಲೇಬಾರ್ದು. ಎಷ್ಟಿದಾವೆ ಅಂತ ಕೇಳೋಣ. ಎಷ್ಟು ಅಂದ್ರೆ ಇಲ್ಲ ಅನ್ನೋಕಾಗಲ್ಲ’ ಎಂದಳು. ಮತ್ತೆ ಬರೆದರು:

(ಅ) ಮಧುಗಿರಿ ತಾಲ್ಲೂಕಿನಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕಗಳೆಷ್ಟು. ಅವುಗಳಲ್ಲಿ ಕೆಟ್ಟು ನಿಂತಿರುವುದೆಷ್ಟು. (ಗ್ರಾಮವಾರು ವಿವರ ನೀಡುವುದು)

(ಆ) ಪ್ರತಿಯೊಂದೂ ಯಾವ ದಿನಾಂಕದಿಂದ ಕೆಟ್ಟಿದೆ; ನಿರ್ವಹಣೆ ಯಾರ ಹೊಣೆ;

(ಇ) ಯಾವ ದಿನಾಂಕದೊಳಗೆ ದುರಸ್ತಿ ಮಾಡಲಾಗುವುದು?

ಈ ಸಲ ಮಂತ್ರಿ ಹುಡುಗ ತಲೆ ಕೆರೆದುಕೊಂಡ. ‘ಇದಕ್ಕೆ ಲೆಕ್ಕ ಬೇಕು ಸಾ’ ಎಂದ. ಲೆಕ್ಕವನ್ನು ಯಾರು ಕೊಡುತ್ತಾರೆ ಎಂದು ಕೇಳುತ್ತಾ ಹೋದಾಗ ಮಂತ್ರಿಯಿಂದ ಇಲಾಖೆಗೆ, ಇಲಾಖೆಯಿಂದ ಜಿಲ್ಲಾ ಪಂಚಾಯಿತಿಗೆ, ಅಲ್ಲಿಂದ ಗ್ರಾಮ ಪಂಚಾಯಿತಿ ಪಿಡಿಒವರೆಗೆ ಸರಪಳಿ ಬಂತು. ಬೆಂಗಳೂರಿನಲ್ಲಿ ಕೇಳಿದ ಪ್ರಶ್ನೆಗೆ ಪಿಡಿಒ ಬಂದು ಮಿಷನ್ನಿನ ಮುಂದೆ ನಿಲ್ಲಬೇಕಾಗುತ್ತದೆ ಎಂಬುದು ಮಕ್ಕಳಿಗೆ ಅಂದು ಹೊಳೆದ ಸಂಗತಿ.

ಎಡವಿದ್ದು ಎಲ್ಲಿ

ರಾಜ್ಯಪಾಲರ ಭಾಷಣ ಮತ್ತು ವಂದನಾ ನಿರ್ಣಯದ ಭಾಗ ಎರಡನೇ ಪಾಠದಲ್ಲೂ ಕೂಡಿ ಬರಲಿಲ್ಲ. ಭಾಷಣವನ್ನು ಸಿದ್ಧಪಡಿಸುವುದು ಸರ್ಕಾರ, ಓದುವವರು ರಾಜ್ಯಪಾಲರು, ಅದರ ಮೇಲಿನ ಚರ್ಚೆಯಲ್ಲಿ ಸದಸ್ಯರು ಯಾವ ವಿಷಯವನ್ನಾದರೂ ಎತ್ತಬಹುದು ಎಂದು ಹೇಳಿದೆ. ‘ಬೇರೆಯವರು ಬರೆದದ್ದನ್ನ ಓದೋಕೆ ಅವರೇ ಯಾಕೆ ಬೇಕು?’ ಎಂದು ಒಬ್ಬ ಕೇಳಿದ. 176ನೇ ವಿಧಿ ಹೇಳಿದೆ. ಅವನಿಗೆ ಅದು ಉತ್ತರವಾಗಲಿಲ್ಲ. ಇದಕ್ಕೆ ಚರಿತ್ರೆಯ ದಾರಿ ಒಳ್ಳೆಯದೇನೋ ಎಂದು ನಂತರ ಅನ್ನಿಸಿತು. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯ ಮೊದಲ ಸಭೆ ಸೇರಿಸಿದಾಗ 144 ಪ್ರತಿನಿಧಿಗಳ ಮುಂದೆ ಸರ್ಕಾರದ ವರ್ಷದ ಕೆಲಸವನ್ನು ವಿವರಿಸಿದರು. ಪ್ರತಿನಿಧಿಗಳಿಗೆ ಮತ ಹಾಕುವ ಅಧಿಕಾರವಿರಲಿಲ್ಲ. ಕೇಳಿಸಿಕೊಳ್ಳುವುದು, ತಮ್ಮ ತಾಲ್ಲೂಕುಗಳ ಅಹವಾಲು ಹೇಳಿಕೊಳ್ಳುವುದು, ಇಷ್ಟೇ. ಮೊದಲು ಸರ್ಕಾರ ಲೆಕ್ಕ ಒಪ್ಪಿಸುವುದು, ಆಮೇಲೆ ತಾಲ್ಲೂಕಿನವರು ಮಾತಾಡುವುದು ಎಂಬ ಕ್ರಮ ಈಗಲೂ ಇದೆ. ನಡುವೆ ಸೇರಿರುವುದು ಮತ ಹಾಕುವ ಹಕ್ಕು. ವಂದನಾ ನಿರ್ಣಯ ಬಿದ್ದರೆ ಸರ್ಕಾರವೇ ಉಳಿಯುವುದು ಕಷ್ಟ. ಇತಿಹಾಸವನ್ನೂ ರಾಜ್ಯಶಾಸ್ತ್ರವನ್ನೂ ಒಂದೇ ಅವಧಿಯಲ್ಲಿ ಕಟ್ಟುವ ಈ ಪಾಠವನ್ನು ಯಾರಾದರೂ ಮಾಡಿ ನೋಡಿದರೆ ನನಗೆ ಹೇಳಿ.

ಹೆಸರುಗಳ ಬಗ್ಗೆ ಒಂದು ಆಕ್ಷೇಪ ಬಂತು. ಹಾಲಿ ಶಾಸಕರ ಹೆಸರು ಹೇಳಿ ಪಾಠ ಮಾಡಿದರೆ ರಾಜಕೀಯ ಮಾಡಿದಂತಾಗುವುದಿಲ್ಲವೇ ಎಂದು ಇಬ್ಬರು ಪ್ರಶಿಕ್ಷಣಾರ್ಥಿಗಳು ಹಿಂಜರಿದರು. ಅವರ ಭಯ ನಿಜವಾದದ್ದು. ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನ ಹೇಳಿದ ಮಾತು ಸಂಜೆ ಅರಳಿಕಟ್ಟೆಯಲ್ಲಿ ಬೇರೆ ರೂಪ ಪಡೆದಿರುತ್ತದೆ. ನಾನು ಇಟ್ಟುಕೊಂಡ ಗೆರೆ ಇದು: ಯಾರು, ಯಾವ ಕ್ಷೇತ್ರ, ಯಾವ ಸ್ಥಾನ ಎಂಬುದನ್ನು ಹೇಳುತ್ತೇನೆ, ಚೆನ್ನಾಗಿ ಕೆಲಸ ಮಾಡಿದರೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ, ಮಕ್ಕಳು ಹೇಳಿದರೆ ಅದನ್ನು ಪ್ರಶ್ನೆಯಾಗಿ ಬರೆಯಲು ಹೇಳುತ್ತೇನೆ. ಹೆಸರೇ ಇಲ್ಲದೆ ‘ಒಬ್ಬ ಶಾಸಕ’ ಎಂದು ಪಾಠ ಮಾಡಿದ್ದರೆ ಆ ಹುಡುಗಿಗೆ ಅವಳ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಮಕ್ಕಳು ಬರೆದ ಪ್ರಶ್ನೆಗಳನ್ನು ಏನು ಮಾಡುವುದು? ಸದನದಲ್ಲಿ ಸದಸ್ಯರು ಮಾತ್ರ ಕೇಳಬಹುದು. ಶಾಲೆಯ ಹೆಸರಿನಲ್ಲಿ ಶಾಸಕರಿಗೆ ಕಳುಹಿಸುವುದಕ್ಕೆ ಮುಖ್ಯಶಿಕ್ಷಕರು ಒಪ್ಪಲಿಲ್ಲ. ಅವರ ಸ್ಥಾನದಲ್ಲಿದ್ದರೆ ನಾನೂ ಯೋಚಿಸುತ್ತಿದ್ದೆ. ಮಾರ್ಗದರ್ಶಿ ಶಿಕ್ಷಕಿ ಬೇರೆ ದಾರಿ ಕಂಡರು. ಆ ವರ್ಷದ ಮಕ್ಕಳ ಗ್ರಾಮ ಸಭೆಗೆ ಹುಡುಗಿ ಹಾಳೆಯನ್ನು ತೆಗೆದುಕೊಂಡು ಹೋದಳು. ‘ತಾಲ್ಲೂಕು’ ಎಂಬಲ್ಲಿ ‘ಪಂಚಾಯಿತಿ’ ಎಂದು ತಿದ್ದಿ, (ಅ), (ಆ), (ಇ) ಸಮೇತ ಓದಿದಳಂತೆ. ಪಿಡಿಒ ನಡಾವಳಿ ಪುಸ್ತಕದಲ್ಲಿ ಮೂರನ್ನೂ ಬೇರೆಬೇರೆಯಾಗಿ ಬರೆದುಕೊಂಡರಂತೆ. ಮುಂದಿನ ಬೇಸಿಗೆಯಲ್ಲಿ ನಾನು ಆ ಊರಿನ ಮೇಲೆ ಹೋದಾಗ ಘಟಕದ ಮುಂದೆ ಕ್ಯಾನುಗಳು ಸಾಲಾಗಿದ್ದವು. ಹಾಳೆಯಿಂದ ರಿಪೇರಿಯಾಯಿತೋ, ಆಗಬೇಕಾಗಿದ್ದೇ ಆಯಿತೋ ಎಂದು ವಿಚಾರಿಸಲಿಲ್ಲ.

ಚಾರ್ಟಿನ ಮುಂದಿನ ಕತೆ

ಈ ಪಾಠ ಯೋಜನೆಯನ್ನು ನಂತರದ ತಂಡಗಳೂ ಬಳಸುತ್ತಿವೆ. 2025ರಲ್ಲಿ ಒಬ್ಬ ಪ್ರಶಿಕ್ಷಣಾರ್ಥಿನಿ ಕೊರಟಗೆರೆ ತಾಲ್ಲೂಕಿನ ಶಾಲೆಯೊಂದಕ್ಕೆ ಹೊಸ ಚಾರ್ಟ್ ಮಾಡಿಕೊಂಡು ಹೋದರು. ನಾಲ್ಕು ಕ್ಷೇತ್ರ, ಇಬ್ಬರು ಮಂತ್ರಿಗಳು, ಅವರ ಹೆಸರಿನ ಮುಂದೆ ಕೆಂಪು ಚುಕ್ಕೆ. ಚಾರ್ಟ್ ಬರೆದದ್ದು ಆಗಸ್ಟ್ ಮೊದಲ ವಾರ, ಪಾಠ ಇದ್ದದ್ದು ಎರಡು ವಾರದ ನಂತರ. ನಡುವೆ ಆಗಸ್ಟ್ 11ರಂದು ಮಳೆಗಾಲದ ಅಧಿವೇಶನ ಆರಂಭವಾಯಿತು. ಅಂದೇ ರಾಜಣ್ಣನವರನ್ನು ಸಂಪುಟದಿಂದ ಕೈಬಿಡಲಾಯಿತು. ಚಾರ್ಟ್ ತೂಗುಹಾಕುತ್ತಿದ್ದಂತೆಯೇ ಮುಂದಿನ ಬೆಂಚಿನ ಹುಡುಗ, ‘ಮಿಸ್, ಆ ಚುಕ್ಕೆ ಅಳಿಸ್ಬೇಕು. ಈಗ ಮಧುಗಿರಿಯೋರು ಪ್ರಶ್ನೆ ಕೇಳ್ಬೋದು’ ಎಂದನಂತೆ.

ಸ್ಕೆಚ್ ಪೆನ್ನಿನ ಚುಕ್ಕೆ ಅಳಿಯಲಿಲ್ಲ. ಅವರು ಅದರ ಮೇಲೆ ಬಿಳಿ ಕಾಗದದ ತುಂಡು ಅಂಟಿಸಿ ಪಾಠ ಮುಂದುವರಿಸಿದರು. ಈ ವರ್ಷದಿಂದ ನಾವು ಚಾರ್ಟ್ ಬಿಟ್ಟು ಫ್ಲ್ಯಾನೆಲ್ ಬೋರ್ಡಿಗೆ ಬಂದಿದ್ದೇವೆ. ಹೆಸರು, ಕ್ಷೇತ್ರ, ಖಾತೆ ಬೇರೆಬೇರೆ ಕಾರ್ಡುಗಳಲ್ಲಿವೆ. ಪಾಠದ ದಿನ ಬೆಳಿಗ್ಗೆ ಪತ್ರಿಕೆ ನೋಡಿ ಮಕ್ಕಳೇ ಅವನ್ನು ಬೋರ್ಡಿಗೆ ಅಂಟಿಸುತ್ತಾರೆ.